ಸಮಾಚಾರಪತ್ರದಲ್ಲಿ ಅಕ್ಷರವೂ ಚಿತ್ರವೂ

ಕನ್ನಡದ ಮೊದಲನೆಯ ಸಮಾಚಾರಪತ್ರಿಕೆ ಮಂಗಳೂರಿನಲ್ಲಿ ಹುಟ್ಟಿತೆಂಬುದನ್ನು ತಾವೆಲ್ಲರೂ ಬಲ್ಲಿರಿ. 1843ನೆಯ ಇಸವಿ ಜುಲೈ 1ರಂದು ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗನು ಹೊರಡಿಸಿದ ‘ಮಂಗಳೂರ ಸಮಾಚಾರ’ವೇ ಅದು. ಆ ದಿನವನ್ನೇ ನಮ್ಮ ನಾಡಿನಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಆದರೆ ಆ ಪತ್ರಿಕೆ ವರ್ಷ ತುಂಬುವ ಮೊದಲೇ ಗಂಟುಮೂಟೆ ಕಟ್ಟಿಕೊಂಡು, ಘಟ್ಟ ಹತ್ತಿ, ನಮ್ಮ ಬಳ್ಳಾರಿಗೆ ಬಂದಿತೆಂಬ ಮಾತು ಅಷ್ಟಾಗಿ ಪ್ರಚಾರದಲ್ಲಿಲ್ಲ. 1844ರಲ್ಲಿ ಅದು ‘ಕನ್ನಡ ಸಮಾಚಾರ’ವೆಂಬ ಹೊಸ ಹೆಸರನ್ನು ತಳೆದು ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಬಳ್ಳಾರಿಯವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಹೆಮ್ಮೆಗಿಂತ ವಿಚಾರ ಮಾಡತಕ್ಕ ವಿಷಯವೆಂದರೆ, ಅದು ಬಂದದ್ದೇಕೆ ಎಂಬುದು.

ಮಂಗಳೂರಿನಲ್ಲಿ ಆಗ ಇದ್ದದ್ದು ಕಲ್ಲಚ್ಚು. ಬಾಸೆಲ್ ಮಿಶನ್ನಿನ ಮುದ್ರಣಾಲಯ 1841ರಲ್ಲಿ ಆರಂಭವಾದದ್ದೇ ಕಲ್ಲಚ್ಚಿನಿಂದ. ಜಿಡ್ಡಿನ ಮಸಿಯಿಂದ ಒಬ್ಬನು ಕೈಯಾರೆ ಬರೆದುದನ್ನು ನುಣುಪಾದ ಸುಣ್ಣಗಲ್ಲಿನ ಮೇಲೆ ಇಳಿಸುತ್ತಾರೆ. ಕಲ್ಲಿಗೆ ನೀರು ಸವರಿ ಮೇಲೆ ಶಾಯಿ ಉರುಳಿಸಿದರೆ, ಜಿಡ್ಡು ಇದ್ದೆಡೆ ಮಾತ್ರ ಶಾಯಿ ಹಿಡಿಯುತ್ತದೆ. ಉಳಿದೆಡೆ ನೀರು ಅದನ್ನು ದೂಡುತ್ತದೆ. ಅದರ ಮೇಲೆ ಕಾಗದ ಒತ್ತಿದರೆ ಬರೆದದ್ದು ಬರೆದ ಹಾಗೆಯೇ ಮೂಡುತ್ತದೆ. ಸೊಗಸಾದ ವಿದ್ಯೆ, ಸಂಶಯವಿಲ್ಲ. ಆದರೆ ಹೀಗೆ ಮೂಡಿದ್ದು ಅಕ್ಷರಗಳ ಚಿತ್ರ. ಕಲ್ಲಿಗೆ ‘ಕ’ ಯಾವುದು, ‘ಖ’ ಯಾವುದು, ಮೂಲೆಯಲ್ಲಿ ಬಿಡಿಸಿದ ಹೂಬಳ್ಳಿ ಯಾವುದು ಎಂಬ ಭೇದವಿಲ್ಲ. ಒಂದು ಪದ ತಪ್ಪಾದರೆ ಅದನ್ನು ಎತ್ತಿ ಬೇರೊಂದನ್ನು ಇಡುವಂತಿಲ್ಲ. ಈ ಪುಟದ ಅಕ್ಷರ ಮುಂದಿನ ಪುಟಕ್ಕೆ ಒದಗುವುದಿಲ್ಲ.

ಬಳ್ಳಾರಿಯಲ್ಲಿ ಇದ್ದದ್ದು ಮೊಳೆಯಚ್ಚು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿಯೇ ಇಲ್ಲಿಗೆ ಬಂದು ನೆಲೆಸಿ ಕನ್ನಡ ಕಲಿತು ಬೈಬಲ್ಲಿನ ಅನುವಾದಕ್ಕೆ ತೊಡಗಿದ್ದರು. ಆ ಕೆಲಸದ ಜೊತೆಯಲ್ಲಿ ಕನ್ನಡದ ಮೊಳೆಗಳೂ ಅವನ್ನು ಜೋಡಿಸಬಲ್ಲ ಕೈಗಳೂ ಈ ಊರಿನಲ್ಲಿ ಸಿದ್ಧವಾದುವು. ಮೊಳೆಯಚ್ಚಿನಲ್ಲಿ ಪ್ರತಿಯೊಂದು ಅಕ್ಷರವೂ ಸ್ವತಂತ್ರ ಜೀವಿ. ಖಾನೆಯಿಂದ ಎತ್ತಿ, ಸಾಲಿನಲ್ಲಿ ನಿಲ್ಲಿಸಿ, ಅಚ್ಚಾದ ಮೇಲೆ ಬಿಡಿಸಿ ಮತ್ತೆ ಖಾನೆಗೆ ಹಾಕಬಹುದು. ತಪ್ಪಾದುದನ್ನು ಚಿಮಟಿಗೆಯಿಂದ ಕೀಳಬಹುದು. ‘ಕನ್ನಡ ಸಮಾಚಾರ’ ಬಹುಕಾಲ ಬದುಕಲಿಲ್ಲವೆಂಬುದು ನಿಜ. ಆದರೂ ಅಕ್ಷರದ ಚಿತ್ರವನ್ನು ಬಿಟ್ಟು ಅಕ್ಷರವನ್ನೇ ಅರಸಿಕೊಂಡು ಒಂದು ಪತ್ರಿಕೆ ಅಷ್ಟು ದೂರ ನಡೆದು ಬಂದಿತಲ್ಲ, ಆ ನಡಿಗೆಯನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ.

ಈ ಹಳೆಯ ಕಥೆ ಈಗೇಕೆಂದು ತಾವು ಕೇಳಬಹುದು. ನಮ್ಮ ಕಾಲದ ಸಮಾಚಾರಪತ್ರಗಳು ಮಿಂಚಂಚೆಯಲ್ಲಿ ಹೋಗುತ್ತವೆ. ಸಂಘದ ವರದಿ, ಶಾಲೆಯ ಹಳೆಯ ವಿದ್ಯಾರ್ಥಿಗಳ ತಿಂಗಳ ಪತ್ರ, ಗ್ರಂಥಾಲಯದ ಪ್ರಕಟಣೆ, ಜಾತ್ರೆಯ ಆಮಂತ್ರಣ ಎಲ್ಲವೂ ಕ್ಷಣಾರ್ಧದಲ್ಲಿ ಸಿರುಗುಪ್ಪದಿಂದ ಸಿಂಗಪುರಕ್ಕೆ ತಲಪುತ್ತವೆ. ಹಾಗೆ ಹೋಗತಕ್ಕ ಪತ್ರಗಳಲ್ಲಿ ಎಷ್ಟೋ ಇಂದಿಗೂ ಕಲ್ಲಚ್ಚಿನವೇ! ಇಡೀ ಪತ್ರವನ್ನು ಒಂದೇ ಚಿತ್ರವಾಗಿ ಮಾಡಿ, ಬಣ್ಣ ಬಳಿದು, ಅಂಚು ಕಟ್ಟಿ ಕಳುಹಿಸಿಬಿಡುತ್ತಾರೆ. ನೋಡುವುದಕ್ಕೆ ಚೆಲುವೇ ಸರಿ. ಆದರೆ ಅದರಲ್ಲಿ ಒಂದಾದರೂ ಅಕ್ಷರವಿರುವುದಿಲ್ಲ.

ಚಿತ್ರಕ್ಕೂ ಅಕ್ಷರಕ್ಕೂ ಇರುವ ಈ ನಂಟು ನಮ್ಮ ಸೀಮೆಯಲ್ಲಿ ಬಹು ಹಳೆಯದು. ಬಳ್ಳಾರಿಯ ಸೆರಗಿನಲ್ಲಿಯೇ ಇರುವ ಸಂಗನಕಲ್ಲು, ಕಪ್ಪಗಲ್ಲುಗಳ ಗುಡ್ಡವನ್ನು ಹತ್ತಿದರೆ ಕರಿಬಂಡೆಗಳ ಮೇಲೆ ಡುಬ್ಬದ ಎತ್ತುಗಳನ್ನೂ ಮನುಷ್ಯಾಕೃತಿಗಳನ್ನೂ ಕುಟ್ಟಿ ಮೂಡಿಸಿರುವುದು ಕಾಣುತ್ತದೆ. 1892ರಲ್ಲಿಯೇ ಫಾಸೆಟ್ ಎಂಬವರು ಇವುಗಳ ವಿಷಯವಾಗಿ ಬರೆದರು. ಕೆಲವು ಚಿತ್ರಗಳು ನವಶಿಲಾಯುಗದವು. ಅಲ್ಲಿಯೇ ಕೆಲವು ಬಂಡೆಗಳನ್ನು ತಟ್ಟಿದರೆ ಗಂಟೆಯಂತೆ ನಾದ ಹೊರಡುತ್ತದೆ. ಎತ್ತು ಎಂಬುದೇನೋ ಎಳೆಯ ಮಗುವಿಗೂ ತಿಳಿಯುತ್ತದೆ. ಆ ಎತ್ತನ್ನು ಯಾರು ಬಿಡಿಸಿದರು, ಯಾವ ಹಬ್ಬಕ್ಕೆ, ಯಾವ ಹರಕೆಗೆ ಎಂಬುದನ್ನು ಹೇಳಲು ಜೊತೆಯಲ್ಲಿ ಒಂದು ಮಾತಿಲ್ಲವಾದುದರಿಂದ ವಿದ್ವಾಂಸರು ಇನ್ನೂ ಚರ್ಚಿಸುತ್ತಲೇ ಇದ್ದಾರೆ.

ಅಲ್ಲಿಂದ ಸಿರುಗುಪ್ಪ ತಾಲ್ಲೂಕಿಗೆ ಬನ್ನಿರಿ. ನಿಟ್ಟೂರು ಮತ್ತು ಉದೇಗೋಳಗಳಲ್ಲಿ ಅಶೋಕ ಚಕ್ರವರ್ತಿಯ ಬಂಡೆಶಾಸನಗಳಿವೆ. 1970ರ ದಶಕದಲ್ಲಿ ಬೆಳಕಿಗೆ ಬಂದಂಥವು. ಇವುಗಳಲ್ಲಿ ಕಪ್ಪಗಲ್ಲಿನಂತೆ ಎತ್ತಿಲ್ಲ, ಆಳಿಲ್ಲ. ಬರಿಯ ಬ್ರಾಹ್ಮೀ ಅಕ್ಷರ, ಪ್ರಾಕೃತ ಭಾಷೆ. ಆ ಲಿಪಿಯನ್ನು ಓದುವ ವಿದ್ಯೆ ಮರೆತುಹೋಗಿ ಶತಮಾನಗಳು ಕಳೆದಿದ್ದುವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದರ ಬೀಗ ತೆಗೆದನು. ಒಮ್ಮೆ ಬೀಗ ತೆಗೆಯಿತೆಂದರೆ ಅಕ್ಷರದ ಮಹಿಮೆ ನೋಡಿ: ಪ್ರಿನ್ಸೆಪ್ ಕಂಡೇ ಇರದ ನಿಟ್ಟೂರಿನ ಬಂಡೆ ಸಿಕ್ಕ ಕೂಡಲೇ ಅಶೋಕನ ಹೆಸರನ್ನು ಹೇಳಿತು. ಒಂದೆಡೆ ಓದಿದ ‘ಅ’ ಎಲ್ಲೆಡೆಯೂ ‘ಅ’ವೇ.

ಚಿತ್ರ, ಅಕ್ಷರ ಎರಡನ್ನೂ ಒಂದೇ ಹಾಳೆಯಲ್ಲಿ ಹೊಂದಿಸಿದವರು ನಮ್ಮ ಮಧ್ಯಯುಗದ ಶಾಸನಕಾರರು. ಕುರುಗೋಡು ಈಗ ತಾಲ್ಲೂಕು ಕೇಂದ್ರ. ಹನ್ನೆರಡನೆಯ ಶತಮಾನದಲ್ಲಿ ಸಿಂದ ವಂಶದ ಅರಸರ ರಾಜಧಾನಿ. ಆ ಕಾಲದ ದಾನಶಾಸನದ ಕಲ್ಲನ್ನು ತಾವು ನೋಡಿರಬಹುದು. ನಮ್ಮ ಕಡೆ ಯಾವ ಹಳೆಯ ಗುಡಿಯ ಅಂಗಳದಲ್ಲಿಯೂ ಒಂದಿಲ್ಲೊಂದು ಇರುತ್ತದೆ. ಕಲ್ಲಿನ ತಲೆಯಲ್ಲಿ ಲಿಂಗ, ಪಕ್ಕದಲ್ಲಿ ಪೂಜಿಸುವವನು, ಹಾಲುಣಿಸುವ ಹಸು ಕರು, ಮೇಲೆ ಸೂರ್ಯ ಚಂದ್ರರು. ಕೆಳಗೆ ಸಾಲುಸಾಲಾಗಿ ಬರವಣಿಗೆ. ಚಿತ್ರ ಹೇಳುವುದಿಷ್ಟೆ: ಇದು ದೇವರಿಗೆ ಬಿಟ್ಟದ್ದು, ಸೂರ್ಯಚಂದ್ರರಿರುವವರೆಗೆ ಸಲ್ಲತಕ್ಕದ್ದು, ಅಳಿದವನಿಗೆ ಗೋವನ್ನು ಕೊಂದ ಪಾಪ. ಓದು ಬಾರದ ಒಕ್ಕಲಿಗನೂ ದೂರದಿಂದಲೇ ಇದನ್ನು ತಿಳಿದು ಕೈಮುಗಿದು ಹೋಗುತ್ತಾನೆ. ಎಷ್ಟು ಮತ್ತರು ಗದ್ದೆ, ಯಾವ ಕೆರೆಯ ಕೆಳಗೆ, ಮೂಡಣ ಮೇರೆ ಯಾವುದು, ಯಾರ ಆಳ್ವಿಕೆ, ಯಾವ ತಿಥಿ ಎಂಬುದನ್ನೆಲ್ಲ ಚಿತ್ರದ ತಲೆಯ ಮೇಲೆ ಹೊರಿಸಲಿಲ್ಲ. ಅದು ಅಕ್ಷರದ ಪಾಲು. ಶಿಲ್ಪಿಯ ಉಳಿ ಎರಡನ್ನೂ ಕಡೆಯಬಲ್ಲದಾಗಿದ್ದರೂ ಯಾವುದಕ್ಕೆ ಯಾವ ಕೆಲಸವೆಂಬ ವಿವೇಕ ಆತನಿಗಿದ್ದಿತು. ಮೇಲಿನ ಲಿಂಗ ಮುಕ್ಕಾದರೂ ಕೆಳಗಿನ ದಾನ ಮುಕ್ಕಾಗುವುದಿಲ್ಲ.

ಶಾಸನಗಳನ್ನು ನಾವು ಪುಸ್ತಕದಲ್ಲಿ ಓದುವಂತಾದ ಬಗೆಯೂ ಇದೇ ಪಾಠವನ್ನು ಹೇಳುತ್ತದೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಕುಂಚದಿಂದ ತಟ್ಟಿತಟ್ಟಿ ಅಕ್ಷರದ ಕುಳಿಗಳಿಗೆ ಇಳಿಸುತ್ತಾರೆ. ಮೇಲೆ ಮಸಿಯ ಗುಂಡನ್ನು ಒತ್ತಿದರೆ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಪಡಿಯಚ್ಚು ಚಿತ್ರವೇ. ಅಲ್ಲಿಗೆ ಕೈಬಿಟ್ಟಿದ್ದರೆ ಅದು ಕಛೇರಿಯ ಕಪಾಟಿನಲ್ಲಿ ಸುರುಳಿಯಾಗಿ ಮಲಗಿರುತ್ತಿತ್ತು. ಪಂಡಿತರು ಕಣ್ಣು ನೋಯಿಸಿಕೊಂಡು ಒಂದೊಂದೇ ಅಕ್ಷರ ಓದಿ, ಮೊಳೆಗಳಲ್ಲಿ ಜೋಡಿಸಿ ಅಚ್ಚು ಹಾಕಿಸಿದರು. ಬಳ್ಳಾರಿ ಆಗ ಮದರಾಸು ಪ್ರಾಂತದಲ್ಲಿತ್ತು. ಮೈಸೂರಿಗೆ ಸೇರಿದ್ದು 1953ರಲ್ಲಿ. ಆದುದರಿಂದ ರೈಸ್ ಸಾಹೇಬರ ಮೈಸೂರಿನ ಸಂಪುಟಗಳಲ್ಲಿ ನಮ್ಮ ಜಿಲ್ಲೆಯ ಕಲ್ಲುಗಳಿಗೆ ಎಡೆ ಸಿಗಲಿಲ್ಲ. ಅವು ಹೆಚ್ಚಾಗಿ ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿವೆ. ಅದರ ಮೊದಲ ಭಾಗ ಬಂದದ್ದು 1939ರಲ್ಲಿ. ಅಂಥ ಸಂಪುಟ ಕೈಯಲ್ಲಿದ್ದರೆ ಒಂದು ಊರಿನ ಹೆಸರನ್ನೋ ಒಬ್ಬ ಅರಸನ ಹೆಸರನ್ನೋ ನಿಮಿಷದಲ್ಲಿ ಹುಡುಕಬಹುದು. ಪಡಿಯಚ್ಚಿನ ಸುರುಳಿಗಳಲ್ಲಿ ಹುಡುಕಬೇಕೆಂದರೆ ಆಯುಷ್ಯ ಸಾಲದು.

ಇನ್ನು ಮಿಂಚಂಚೆಯ ಕಥೆಗೆ ಬರೋಣ. ಮೊದಲು ಅದಕ್ಕೆ ಹೊರಲು ಬರುತ್ತಿದ್ದದ್ದು ಇಂಗ್ಲಿಷಿನ ಸಾದಾ ಅಕ್ಷರ, ಅಂಕೆಗಳನ್ನು ಮಾತ್ರ. 1992ರ ಮಾರ್ಚ್ 11ರಂದು ಅಮೆರಿಕದ ನಥಾನಿಯೆಲ್ ಬೊರೆನ್‌ಸ್ಟೀನ್ ಎಂಬ ವಿಜ್ಞಾನಿ ತನ್ನ ಹಾಡುಗಾರ ಗೆಳೆಯರ ತಂಡದ ಒಂದು ಚಿತ್ರವನ್ನೂ ಹಾಡನ್ನೂ ಪತ್ರಕ್ಕೆ ಲಗತ್ತಿಸಿ ಕಳುಹಿಸಿದನು. ಅವನೂ ನೆಡ್ ಫ್ರೀಡ್ ಎಂಬವನೂ ಸೇರಿ ರೂಪಿಸಿದ ‘ಮೈಮ್’ ಎಂಬ ನಿಯಮಾವಳಿ ಅದೇ ವರ್ಷ ಜೂನಿನಲ್ಲಿ ಪ್ರಕಟವಾಯಿತು. ಇಂದಿಗೂ ಚಿತ್ರಗಳು ಹೋಗುವುದು ಆ ಹಾದಿಯಲ್ಲೇ. ಇದರಲ್ಲೊಂದು ವಿನೋದವಿದೆ. ಅಂಚೆಗೆ ಅಕ್ಷರವಲ್ಲದೆ ಬೇರೆ ಸಲ್ಲದಾದುದರಿಂದ, ಚಿತ್ರವನ್ನು ಪುಡಿಮಾಡಿ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬರೆದು ಕಳುಹಿಸುತ್ತಾರೆ. ತಲಪಿದೆಡೆ ಮತ್ತೆ ಚಿತ್ರವಾಗಿ ಕೂಡಿಸುತ್ತಾರೆ. ಹೀಗೆ ಬರೆಯುವಾಗ ಮೂರು ಸೇರಿನ ಸರಕು ನಾಲ್ಕು ಸೇರಿನ ಮೂಟೆಯಾಗುತ್ತದೆ. ಮೂರು ಮೆಗಾಬೈಟಿನ ಚಿತ್ರವನ್ನು ಪತ್ರದೊಳಗಿಟ್ಟರೆ ಅಂಚೆಯ ಮೇಲೆ ನಾಲ್ಕರ ಹೊರೆ.

ಅತ್ತ ಚಿತ್ರ ಅಕ್ಷರವಾಗಿ ಪ್ರಯಾಣ ಮಾಡುತ್ತಿದ್ದರೆ, ಇತ್ತ ನಮ್ಮ ಕನ್ನಡ ಅಕ್ಷರ ಚಿತ್ರವಾಗಿ ಪ್ರಯಾಣ ಮಾಡಬೇಕಾಯಿತು! ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಕನ್ನಡದಲ್ಲಿ ಬರೆಯುವ ತಂತ್ರಾಂಶಗಳು ಇದ್ದುವು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂದಿತು. ಆದರೆ ಒಂದೊಂದು ಅಕ್ಷರಶೈಲಿಯೂ ಕನ್ನಡದ ಅಕ್ಷರವನ್ನು ಇಂಗ್ಲಿಷಿನ ಯಾವುದೋ ಅಕ್ಷರದ ಮನೆಯಲ್ಲಿ ಬಾಡಿಗೆಗೆ ಇಟ್ಟಿತ್ತು. ಅದೇ ಶೈಲಿ ತಮ್ಮಲ್ಲಿ ಇಲ್ಲದಿದ್ದರೆ ‘ಬಳ್ಳಾರಿ’ ಎಂಬ ಮೂರಕ್ಷರಕ್ಕೆ ಬದಲಾಗಿ ಅರ್ಥವಿಲ್ಲದ ರೋಮನ್ ಗೀಟುಗಳು ಕಾಣುತ್ತಿದ್ದುವು. ನಮಗೆ ದೂರವಲ್ಲದ ಮೊಳಕಾಲ್ಮೂರು ತಾಲ್ಲೂಕಿನ ಅಶೋಕ ಶಾಸನಗಳಲ್ಲಿ ಚಪಡನೆಂಬ ಲಿಪಿಕಾರನು ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರ’ ಎಂಬ ತನ್ನ ವೃತ್ತಿಯ ಪದವನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದನ್ನು ಕಂಡ ಆಗಿನ ಸ್ಥಳೀಯರು ಹೇಗೆ ಕಣ್ಣು ಬಿಟ್ಟಿರಬೇಕೋ ನಾವೂ ಹಾಗೆಯೇ ಬಿಟ್ಟೆವು. ಬೇರೆ ದಾರಿ ಕಾಣದೆ ಜನರು ಪತ್ರವನ್ನು ಚಿತ್ರವಾಗಿ ಮಾಡಿ ಕಳುಹಿಸಿದರು. ಆಗ ಅದು ಜಾಣತನವೇ.

ಆ ಕಷ್ಟ ಈಗಿಲ್ಲ. ಲೋಕದ ಎಲ್ಲ ಲಿಪಿಗಳಿಗೂ ಒಂದೊಂದು ಸ್ವಂತ ಮನೆ ಕೊಟ್ಟ ಯೂನಿಕೋಡ್ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಮನೆಗಳ ಒಂದು ಬೀದಿ ಮೀಸಲಾಗಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗ’ ಎಂಬ ಕನ್ನಡ ಅಕ್ಷರಶೈಲಿ ಜೊತೆಯಲ್ಲಿಯೇ ಬಂದಿತು. ಇಂದು ಕೈಯಲ್ಲಿರುವ ಸಾಮಾನ್ಯ ಮೊಬೈಲೂ ಕನ್ನಡವನ್ನು ತಿಳಿದೇ ಇರುತ್ತದೆ. ಕಾರಣ ಹೋದರೂ ಅಭ್ಯಾಸ ಮಾತ್ರ ಹೋಗಲಿಲ್ಲ.

ಇದರಿಂದ ಯಾರಿಗೆ ನಷ್ಟವೆಂದು ತಾವು ಕೇಳಿದರೆ ಒಂದು ಸಂಗತಿ ಹೇಳುತ್ತೇನೆ. ನಾನು ಪಾಠ ಹೇಳಿದ ಒಬ್ಬ ಹುಡುಗ ಬಾಲ್ಯದಿಂದ ದೃಷ್ಟಿಹೀನ. ಈಗ ದೂರದ ಊರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾನೆ. ಅವನ ಫೋನು ಪತ್ರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಹಳೆಯ ವಿದ್ಯಾರ್ಥಿಗಳ ಒಂದು ಸಂಘ ತಿಂಗಳ ಪತ್ರದಲ್ಲಿ, ಅವನಿಗೆ ಕೈಹಿಡಿದು ಗಣಿತ ಕಲಿಸಿದ ಮೇಷ್ಟರು ತೀರಿಕೊಂಡ ಸುದ್ದಿಯನ್ನೂ ಶ್ರದ್ಧಾಂಜಲಿ ಸಭೆಯ ದಿನವನ್ನೂ ತಿಳಿಸಿತ್ತು. ಎಲ್ಲವೂ ಒಂದೇ ಚಿತ್ರದಲ್ಲಿ. ಸಭೆ ಮುಗಿದು ವಾರವಾದ ಮೇಲೆ ಅವನು ನನಗೆ ಕರೆಮಾಡಿದ. “ಸರ್, ಪತ್ರ ಏನೋ ಬಂದಿತ್ರಿ. ಈ ಫೋನು ‘ಚಿತ್ರ’ ಅಂತ ಒಂದೇ ಮಾತು ಹೇಳಿ ಸುಮ್ನಾತು. ಜಾತ್ರಿ ಫೋಟೋ ಇರಬೇಕು ಅಂದ್ಕೊಂಡು ಬಿಟ್ಟೆ” ಎಂದ. ಮುಂದೆ ಅವನು ಮಾತಾಡಲಿಲ್ಲ. ಚಿತ್ರದೊಳಗಿನ ಅಕ್ಷರವನ್ನು ಗುರುತಿಸುವ ಯಂತ್ರಗಳು ಈಗ ಬಂದಿವೆ ಎಂದು ತಾವು ಹೇಳಬಹುದು. ಬಂದಿವೆ, ಆದರೆ ಒತ್ತಕ್ಷರಗಳ ಮೇಲೆ ಹೂಬಳ್ಳಿ ಹಬ್ಬಿಸಿದರೆ ಅವೂ ಎಡವುತ್ತವೆ.

ಕಣ್ಣಿದ್ದವರಿಗೂ ತೊಡಕು ಉಂಟು. ಮಿಂಚಂಚೆಯಲ್ಲಿ ಚಿತ್ರವನ್ನು ಎರಡು ಬಗೆಯಾಗಿ ಇಡಬಹುದು. ಒಂದು, ಪತ್ರದೊಳಗೇ ಹುದುಗಿಸುವುದು. ಅದರ ಹೊರೆಯ ಲೆಕ್ಕ ಮೇಲೆ ಹೇಳಿದೆ. ಇನ್ನೊಂದು, ಚಿತ್ರವನ್ನು ಬೇರೆ ಸರ್ವರಿನಲ್ಲಿಟ್ಟು ಪತ್ರದಲ್ಲಿ ಅದರ ವಿಳಾಸ ಮಾತ್ರ ಬರೆಯುವುದು. ತಾವು ಪತ್ರ ತೆರೆದಾಗ ಚಿತ್ರ ಅಲ್ಲಿಂದ ಬರುತ್ತದೆ. ಈ ಎರಡನೆಯದು ಹಗುರ. ಆದರೆ ಚಿತ್ರಕ್ಕೆ ಕರೆ ಹೋದ ಕೂಡಲೇ ಕಳುಹಿಸಿದವನಿಗೆ ತಾವು ಪತ್ರ ತೆರೆದ ಸಮಾಚಾರ ತಿಳಿಯುತ್ತದೆ. ವ್ಯಾಪಾರಿಗಳು ಇದನ್ನು ಕಂಡುಕೊಂಡು, ಕಣ್ಣಿಗೇ ಕಾಣದ ಒಂದು ಚುಕ್ಕೆಯಷ್ಟು ಚಿತ್ರವನ್ನು ಪತ್ರದಲ್ಲಿ ಅಡಗಿಸಿಡತೊಡಗಿದರು. ಚುಕ್ಕೆಯ ವೇಷದ ಬೇಹುಗಾರ! ಅದಕ್ಕಾಗಿ 2003ರ ಔಟ್‌ಲುಕ್ ಹೊರಗಿನ ಚಿತ್ರಗಳನ್ನು ಓದುಗನ ಅಪ್ಪಣೆಯಿಲ್ಲದೆ ತೋರಿಸುವುದನ್ನೇ ನಿಲ್ಲಿಸಿತು. ಜಿಮೇಲ್ 2013ರ ಡಿಸೆಂಬರಿನಲ್ಲಿ ಚಿತ್ರಗಳನ್ನು ತನ್ನ ಸರ್ವರುಗಳ ಮೂಲಕ ತರಿಸಿ ತೋರಿಸತೊಡಗಿತು. 2021ರ ಸೆಪ್ಟೆಂಬರಿನಿಂದ ಆಪಲ್ ಕಂಪೆನಿಯೂ ಅದೇ ಬಗೆಯ ಮರೆಯನ್ನು ಕಟ್ಟಿತು. ಹೀಗಿರುವಾಗ ಪತ್ರವೆಲ್ಲ ಒಂದೇ ಚಿತ್ರವಾಗಿದ್ದು, ಆ ಚಿತ್ರ ತಡೆಯಲ್ಪಟ್ಟರೆ ಓದುಗನ ಮುಂದೆ ಉಳಿಯುವುದು ಖಾಲಿ ಚೌಕಟ್ಟು, ಅಕ್ಷರವಿಲ್ಲದ ಶಾಸನಗಲ್ಲು.

ಹಾಗೆಂದು ಚಿತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಶಾಸನದ ತಲೆಯಲ್ಲಿ ಲಿಂಗವೂ ಹಸುವೂ ಇದ್ದಂತೆ ಪತ್ರದ ತಲೆಯಲ್ಲಿ ಒಂದು ಚೆಂದದ ಚಿತ್ರ ಇರಲಿ. ದಿನ, ವೇಳೆ, ಸ್ಥಳ, ಹೆಸರು, ಫೋನ್ ಸಂಖ್ಯೆಗಳು ಮಾತ್ರ ಅಕ್ಷರದಲ್ಲೇ ಇರಬೇಕು. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಹಾಗೆಯೇ ಹಾಕದೆ ಕುಗ್ಗಿಸಿರಿ. ಪತ್ರದ ಅಗಲಕ್ಕೆ ಸುಮಾರು 600 ಪಿಕ್ಸೆಲ್ ಎಂಬುದು ಬಹುಕಾಲದಿಂದ ರೂಢಿಯಲ್ಲಿರುವ ಅಳತೆ. ಮೈಮ್ ನಿಯಮದಲ್ಲಿ ಒಂದೇ ಪತ್ರವನ್ನು ಅಲಂಕಾರಸಹಿತವಾಗಿಯೂ ಸಾದಾ ಅಕ್ಷರದಲ್ಲಿಯೂ ಎರಡು ಪ್ರತಿಯಾಗಿ ಒಟ್ಟಿಗೆ ಕಳುಹಿಸುವ ಅನುಕೂಲವಿದೆ. ಓದುಗನ ಯಂತ್ರ ತನಗೆ ಒಗ್ಗುವುದನ್ನು ಆರಿಸಿಕೊಳ್ಳುತ್ತದೆ. ಸಾದಾ ಪ್ರತಿಯನ್ನು ಕಳುಹಿಸಲು ಬೇಸರಪಡಬೇಡಿರಿ.

ಇನ್ನೊಂದು ಮುಖ್ಯವಾದುದಿದೆ. ಎಚ್.ಟಿ.ಎಮ್.ಎಲ್. ಎಂಬ ಬರವಣಿಗೆಯ ಕ್ರಮದಲ್ಲಿ ಪ್ರತಿಯೊಂದು ಚಿತ್ರದ ಬೆನ್ನಿಗೂ ಒಂದು ಬದಲಿ ಮಾತನ್ನು ಬರೆದಿಡಲು ಸ್ಥಳ ಕೊಟ್ಟಿದ್ದಾರೆ. ಚಿತ್ರ ಬಾರದಿದ್ದರೆ ಆ ಮಾತು ಕಾಣುತ್ತದೆ. ಕಣ್ಣಿಲ್ಲದವರಿಗೆ ಯಂತ್ರ ಆ ಮಾತನ್ನು ಓದುತ್ತದೆ. ರೇಡಿಯೋ ಕೇಳುವ ಮನೆಗಳವರಿಗೆ ಇದನ್ನು ನಾನು ವಿವರಿಸಬೇಕಾಗಿಯೇ ಇಲ್ಲ. ಮೈಸೂರು ದಸರಾ ಮೆರವಣಿಗೆಯನ್ನು ಕಣ್ಣಾರೆ ಕಾಣದೆ, ಆಕಾಶವಾಣಿಯ ವೀಕ್ಷಕ ವಿವರಣೆಯನ್ನು ಕೇಳುತ್ತಲೇ ಆನೆಯ ಗಾಂಭೀರ್ಯವನ್ನೂ ಅಂಬಾರಿಯ ಹೊಳಪನ್ನೂ ಕಂಡವರು ತಾವು. ವಿವರಣೆಕಾರರು ‘ಇಲ್ಲೊಂದು ದೃಶ್ಯವಿದೆ’ ಎಂದು ಹೇಳಿ ಸುಮ್ಮನಾಗಿದ್ದರೆ ತಾವು ರೇಡಿಯೋ ಕಿವಿ ಹಿಂಡುತ್ತಿದ್ದಿರಿ. ಪತ್ರದ ಚಿತ್ರದ ಬೆನ್ನಿಗೆ ‘ಚಿತ್ರ 1’ ಎಂದು ಬರೆಯುವವರು ಮಾಡುತ್ತಿರುವುದು ಅದನ್ನೇ.

ಈಚೆಗೆ ನಮ್ಮ ಹತ್ತನೆಯ ತರಗತಿಯ ಮಕ್ಕಳಿಗೆ ಕುರುಗೋಡಿನ ದೊಡ್ಡ ಬಸವೇಶ್ವರನ ಒಂದು ಚಿತ್ರ ತೋರಿಸಿ, ಅದನ್ನು ಕಾಣದವರಿಗೆ ಇಪ್ಪತ್ತು ಪದಗಳೊಳಗೆ ಹೇಳಿರೆಂದು ಪ್ರಬಂಧದ ಗಂಟೆಯಲ್ಲಿ ಕೇಳಿದ್ದೆನು. ಹಲವರು ‘ಭವ್ಯ’, ‘ರಮಣೀಯ’ ಎಂದು ತುಂಬಿಸಿದ್ದರು, ಪಂಡಿತರ ಶಿಷ್ಯರಲ್ಲವೆ! ಒಬ್ಬ ಹುಡುಗಿ ಬರೆದದ್ದನ್ನು ಮುಂದಿನ ತಿಂಗಳ ಪತ್ರದಲ್ಲಿ ಚಿತ್ರದ ಬೆನ್ನಿಗೆ ಹಾಗೆಯೇ ಇಟ್ಟಿದ್ದೇವೆ: “ಒಂದೇ ಕಲ್ಲಿನ ದೊಡ್ಡ ಬಸವ, ಕಾಲು ಮಡಚಿ ಕೂತಾನೆ. ಕೊರಳಿಗೆ ಹೂವಿನ ಮಾಲೆ. ಮುಂದೆ ನಿಂತ ಪೂಜಾರಿ ತಲೆ ಎತ್ತಿ ನೋಡುತ್ತಾನೆ.”